ಆಟಿ ತಿಂಗಳ ನೆಲ

ಮೊನ್ನೆ ಅತ್ತೆಯ ಮಗನ ಮದುವೆಗೆಂದು ಕುದ್ರೋಳಿಯ ಹತ್ತಿರದ ಹಳೆಯ ಮದುವೆ ಹಾಲಿಗೆ ಹೋಗಿದ್ದೆ. ಆಟಿ ಮುಗಿದು ಸೋಣ ತಿಂಗಳು ಆಗಷ್ಟೇ ಹಿಡಿದಿತ್ತು. ಆಟಿಯಲ್ಲಿ ನಮ್ಮ ತುಳುವರಲ್ಲಿ ಮದುವೆ ಮುಂಜಿ ಏನೂ ನಡೆಯುವುದಿಲ್ಲ. ಹಾಗಾಗಿ ಸೋಣ ಬಂದದ್ದೇ ತಡ, ತಡೆದಿಟ್ಟ ಮದುವೆಗಳೆಲ್ಲ ಒಟ್ಟಿಗೆ ನುಗ್ಗುತ್ತವೆ. ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಕೈಗೆ ಮಲ್ಲಿಗೆ ಕೊಟ್ಟರು. ಒಳಗೆ ಕಾಲಿಟ್ಟೆ. ಮಲ್ಲಿಗೆಯ ಘಮದ ಅಡಿಯಿಂದ ಸೀಮೆಎಣ್ಣೆಯ ವಾಸನೆ ಎದ್ದು ಬಂತು.

ನನ್ನ ಮುಂದಿದ್ದ ಹೆಂಗಸೊಬ್ಬರು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಎಂತ ಮಾರಾಯ್ತಿ ಇದು, ಮದುವೆ ಹಾಲಾ ಪೆಟ್ರೋಲ್ ಬಂಕಾ?" ಎಂದರು. ನಾನು ನಡುದಾರಿಯಲ್ಲೇ ನಿಂತು ಉಸಿರು ಎಳೆದುಕೊಂಡೆ. ಹಿಂದಿನವರು ನನ್ನನ್ನು ತಳ್ಳಿಕೊಂಡೇ ಒಳಗೆ ಹೋಗಬೇಕಾಯಿತು. ಆ ವಾಸನೆಗೆ ನನಗೆ ಎಷ್ಟು ಸಂತೋಷವಾಯಿತೆಂದು ಅಲ್ಲಿ ಯಾರಿಗೂ ಹೇಳುವ ಹಾಗಿರಲಿಲ್ಲ. ಹೇಳಬೇಕಾದರೆ ನನ್ನ ಡಿಗ್ರಿಯ ಎರಡನೇ ವರ್ಷದ ಮಳೆಗಾಲದಿಂದ ಶುರು ಮಾಡಬೇಕು.

ಆಗ ನಾವು ಹಾಕಿ ಆಡುತ್ತಿದ್ದೆವು. ಹುಲ್ಲಿನ ಮೇಲಿನ ಹಾಕಿ ಅಲ್ಲ. ಕಾಲಿಗೆ ಚಕ್ರದ ಶೂ ಕಟ್ಟಿಕೊಂಡು, ಉದ್ದ ಕೋಲಿನಿಂದ ಚಪ್ಪಟೆ ಬಿಲ್ಲೆಯೊಂದನ್ನು ನೂಕುತ್ತ ಓಡುವ ರೋಲರ್ ಹಾಕಿ. ಚಳಿಯ ದೇಶಗಳಲ್ಲಿ ಇದನ್ನು ಮಂಜುಗಡ್ಡೆಯ ಮೇಲೆ ಆಡುತ್ತಾರೆ. ಮಂಗಳೂರಿನಲ್ಲಿ ಮಂಜುಗಡ್ಡೆ ಇರುವುದು ಮೀನಿನ ಪೆಟ್ಟಿಗೆಯಲ್ಲಿ ಮಾತ್ರ, ಅದಕ್ಕೆ ಚಕ್ರ. ಫಳ್ನೀರಿನ ಆಸ್ಪತ್ರೆಗಳ ನಡುವೆ ಸಿಕ್ಕಿಕೊಂಡ ಹಾಗಿದ್ದ ನಮ್ಮ ಹುಡುಗಿಯರ ಕಾಲೇಜಿಗೆ ಅಂಗಳ ಎಂಬುದೇ ಇರಲಿಲ್ಲ. ಅಸೆಂಬ್ಲಿಗೆ ನಿಂತರೆ ಕೊನೆಯ ಸಾಲು ಸ್ಕೂಟರ್‌ಗಳ ನಡುವೆ ನಿಲ್ಲಬೇಕಿತ್ತು. ನಾವು ಕಲಿಯುತ್ತಿದ್ದದ್ದು ಊರಿನ ಸಾರ್ವಜನಿಕ ಸ್ಕೇಟಿಂಗ್ ಕಣದಲ್ಲಿ. ಅದರ ಮೇಲೆ ಮಾಡು ಇಲ್ಲ. ಜೂನ್ ಬಂತೆಂದರೆ ಅಲ್ಲಿ ನೀರು, ಜುಲೈಗೆ ಪಾಚಿ.

ನಮ್ಮ ಎದುರಾಳಿಗಳು ಗುಡ್ಡದ ಮೇಲಿನ ಕಾಲೇಜಿನವರು. ನಾವು ಅವರನ್ನು ಗುಡ್ಡೆಯವರು ಎನ್ನುತ್ತಿದ್ದೆವು. ಅವರಿಗೆ ನೀಲಿ ತಗಡಿನ ಮಾಡಿನ ಕೆಳಗೆ ಸ್ವಂತ ಕಣ ಇತ್ತು. ಶಕ್ತಿನಗರದ ನಮ್ಮ ಮನೆಯ ಟೆರೇಸಿಗೆ ಬಟ್ಟೆ ಹಾಕಲು ಹೋದರೆ ಆ ನೀಲಿ ಮಾಡು ಎದುರಿಗೇ ಕಾಣುತ್ತಿತ್ತು. ಪಿಯುಸಿ ಮುಗಿದಾಗ ಅಲ್ಲಿ ಸೇರಲು ನಾನೂ ಹೋಗಿದ್ದೆ. ಅವರ ಕೋಚ್ ನನ್ನನ್ನು ಎರಡು ಸುತ್ತು ಓಡಿಸಿ, "ನೀನು ತುಂಬ ಬೀಳ್ತೀ" ಎಂದು ಕಳಿಸಿಬಿಟ್ಟಿದ್ದರು. ಬಿದ್ದದ್ದು ಒಂದೇ ಸಲ. ಅದಿರಲಿ, ಆಮೇಲೆ ಬಟ್ಟೆ ಹಾಕುವಾಗೆಲ್ಲ ನಾನು ಆ ಕಡೆಗೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದೆ.

ಆ ವರ್ಷ ನಗರದಿಂದ ರಾಜ್ಯ ಮಟ್ಟಕ್ಕೆ ಒಂದೇ ಕಾಲೇಜು ಹೋಗಬಹುದಿತ್ತು. ಉಳಿದವರೆಲ್ಲ ಸೋತು ನಾವು ಮತ್ತು ಗುಡ್ಡೆಯವರು ಉಳಿದೆವು. ಮೂರು ಮ್ಯಾಚ್, ಎರಡು ಗೆದ್ದವರು ಮುಂದೆ. ಒಂದು ಅವರ ಕಣದಲ್ಲಿ, ಒಂದು ನಮ್ಮಲ್ಲಿ, ಮೂರನೆಯದು ಬೇಕಾದರೆ ಟಾಸ್ ಹಾಕಿ ಗೆದ್ದವರಲ್ಲಿ. ಪ್ರಿನ್ಸಿಪಾಲ್ ಮೇಡಂ ನಮ್ಮನ್ನು ರೂಮಿಗೆ ಕರೆಸಿ ಸಿಟ್ಟಿಲ್ಲದೆಯೇ ಹೇಳಿದರು: "ಈ ಸಲವೂ ಸೋತರೆ ಟೀಮ್ ಸಾಕು ಮಕ್ಕಳೇ. ಶೂ, ಕೋಲು ಎಲ್ಲ ನಮ್ಮ ಶಾಲೆಯ ಮಕ್ಕಳಿಗೆ ಕೊಡುವ. ಅವರಾದರೂ ಆಡಲಿ." ಅವರು ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮೊದಲನೇ ಮ್ಯಾಚ್ ಗುಡ್ಡದ ಮೇಲೆ. ಮಳೆಯಿಂದಾಗಿ ನಾವು ಕೋಲು ಮುಟ್ಟದೆ ವಾರಗಳೇ ಆಗಿದ್ದವು. ಒಂದಕ್ಕೆ ಆರು ಗೋಲಿನಿಂದ ಸೋತೆವು. ಅವರ ಕ್ಯಾಪ್ಟನ್ ಅನ್ವಿತಾ ಬಿಲ್ಲೆ ಹಿಡಿದು ಬಂದರೆ ನಮ್ಮಲ್ಲಿ ಒಬ್ಬೊಬ್ಬರೂ ಬೇರೆ ಬೇರೆ ದಿಕ್ಕಿಗೆ ಜಾರುತ್ತಿದ್ದೆವು. ಆರೂ ಗೋಲು ಬಿದ್ದದ್ದು ನಮ್ಮ ಗೋಲ್ ಕಾಯುವ ಸಫಿಯಾಳ ಎದುರು. ಆದರೆ ಅವಳು ತಡೆದದ್ದು ಅದರ ಎರಡರಷ್ಟು. ಮ್ಯಾಚ್ ಮುಗಿದ ಮೇಲೆ ಅವರ ಕೋಚ್ ನೇರ ಅವಳ ಹತ್ತಿರ ಬಂದರು. ನಾವೆಲ್ಲ ಅಲ್ಲೇ ಶೂ ಬಿಚ್ಚುತ್ತ ಕೂತಿದ್ದೆವು.

"ಒಳ್ಳೆ ಗೋಲ್‌ಕೀಪರ್ ನೀನು. ನೆಲವೇ ಇಲ್ಲದ ಟೀಮಿನಲ್ಲಿ ಎಂತ ಮಾಡ್ತೀ? ಮುಂದಿನ ವರ್ಷ ನಮ್ಮಲ್ಲಿಗೆ ಬಾ," ಎಂದರು. ಆಮೇಲೆ ನಮ್ಮ ವ್ಯಾಯಾಮ ಶಿಕ್ಷಕ ಪಿ.ಡಿ. ಸರ್ ಕಡೆ ತಿರುಗಿ, "ಎರಡನೇ ಮ್ಯಾಚ್ ಸಹ ಇಲ್ಲೇ ಆಡುವ ಅಲ್ವಾ? ನಿಮಗೆ ಜಾಗ ಇಲ್ಲ. ಇಲ್ಲದಿದ್ದರೆ ವಾಕ್‌ಓವರ್ ಆಗ್ತದೆ," ಎಂದರು.

ಸಫಿಯಾ ತಲೆ ಬಗ್ಗಿಸಿ ಶೂ ಬಿಚ್ಚುತ್ತಲೇ ಇದ್ದಳು. ಅವಳು ಕುದ್ರೋಳಿಯ ಬ್ಯಾರಿ ಹುಡುಗಿ, ಅಪ್ಪನಿಗೆ ಬಂದರಿನಲ್ಲಿ ಬಲೆ, ಹಗ್ಗದ ಅಂಗಡಿ. ಕ್ಲಾಸಿನಲ್ಲಿ ಲೆಕ್ಚರರ್‌ಗೂ ಉತ್ತರ ಕೊಡುವ ಬಾಯಿ ಅವಳದ್ದು. ಅಂಥವಳು ಸುಮ್ಮನೆ ಇದ್ದದ್ದು ನೋಡಿ ನನಗೆ ಹೆದರಿಕೆಯಾಯಿತು. ಹೋಗಿಯೇ ಬಿಡ್ತಾಳೆ ಅಂದುಕೊಂಡೆ. ಬಸ್ಸಿನಲ್ಲಿ ಕಿಟಕಿಯ ಪರದೆ ಇಳಿಸಿ, ಒದ್ದೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಹೇಳಿದಳು: "ನೆಲ ಹುಡುಕುವ."

ಹುಡುಕಿದ್ದೂ ಅವಳೇ. ಅವಳ ಮನೆಯ ಹಿಂದಿನ ರಸ್ತೆಯಲ್ಲೇ ಈ ಮದುವೆ ಹಾಲ್. ಆಟಿಯಲ್ಲಿ ಅದಕ್ಕೆ ಬೀಗ. ಮ್ಯಾನೇಜರ್ ಶೀನಣ್ಣ ದಿನಾ ಬೆಳಿಗ್ಗೆ ಬಂದು ಕಿಟಕಿ ತೆರೆದು, ಪಾರಿವಾಳಗಳಿಗೆ ಬೈದು, ಪೇಪರ್ ಓದಿ ಹೋಗುತ್ತಿದ್ದರು. ನಾವು ಹೋಗಿ ನಿಂತಾಗ ಪೇಪರಿನಿಂದ ತಲೆ ಎತ್ತಲಿಲ್ಲ.

"ಮದುವೆ ಹಾಲಿನಲ್ಲಿ ಹಾಕಿಯಾ? ನಿಮಗೆ ಮರ್ಲಾ? ತಲೆ ಸರಿ ಉಂಟಾ?"

"ಆಟಿಯಲ್ಲಿ ಹೇಗೂ ಖಾಲಿ ಅಲ್ವಾ ಶೀನಣ್ಣ," ಎಂದಳು ಸಫಿಯಾ.

"ಖಾಲಿ ಹೌದು. ನಿನ್ನ ಅಪ್ಪ ಗುರ್ತ ಅಂತ ಕೊಡ್ತೇನೆ. ಆದರೆ ಆಟಿ ಮುಗಿಯುವಾಗ ಈ ನೆಲದಲ್ಲಿ ನನ್ನ ಮುಖ ಕಾಣಬೇಕು. ಚಕ್ರದ ಒಂದು ಗೆರೆ ಉಳಿದರೂ ಮತ್ತೆ ಈ ಕಡೆ ತಲೆ ಹಾಕುವುದು ಬೇಡ."

ನಾವು ಒಪ್ಪಿಕೊಂಡೆವು. ಯಾವುದಕ್ಕೆ ಒಪ್ಪಿದೆವೆಂದು ಚಕ್ರ ಕಟ್ಟಿಕೊಂಡು ನಿಂತ ಮೇಲೆ ಗೊತ್ತಾಯಿತು. ಅದು ಮೊಸಾಯಿಕ್ ನೆಲ. ವರ್ಷಗಟ್ಟಲೆ ಮದುವೆ ಜನ ಬರಿಗಾಲಲ್ಲಿ ಓಡಾಡಿ, ಊಟದ ಎಣ್ಣೆ ಬಿದ್ದು, ಒರೆಸಿ ಒರೆಸಿ ಕನ್ನಡಿಯಾಗಿತ್ತು. ಚಕ್ರಕ್ಕೆ ಹಿಡಿತವೇ ಇಲ್ಲ. ಓಡಬಹುದು, ನಿಲ್ಲುವ ಹಾಗಿಲ್ಲ. ಮೊದಲ ದಿನ ಜೆನಿಟಾ ವೇದಿಕೆಯ ಮೆಟ್ಟಿಲಿಗೆ ಹೋಗಿ ಗುದ್ದಿದಳು, ನಾನು ಕೈ ತೊಳೆಯುವ ಜಾಗದವರೆಗೆ ಹೋದೆ. ಜೆನಿಟಾ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ಜೋರು. ಬಿದ್ದರೂ ಕೊಂಕಣಿಯಲ್ಲಿ ಬೈಯುತ್ತಲೇ ಏಳುವವಳು. ಊಟದ ಟೇಬಲ್ಲಿನ ಹಲಗೆಗಳನ್ನು ಸುತ್ತ ಅಡ್ಡಲಾಗಿ ನಿಲ್ಲಿಸಿ ಗೋಡೆ ಮಾಡಿಕೊಂಡೆವು. ಬಿಲ್ಲೆ ಹಲಗೆಗೆ ಬಡಿದಾಗೆಲ್ಲ ಮೇಲಿನಿಂದ ಪಾರಿವಾಳಗಳು ಏಳುತ್ತಿದ್ದವು.

ಇನ್ನು ನಮ್ಮ ಪಿ.ಡಿ. ಸರ್. ಅವರು ಕಬಡ್ಡಿಯವರು. ಕಾಲೇಜು ಅವರಿಗೆ ನಮ್ಮನ್ನು ವಹಿಸಿತ್ತು, ಅವರು ಜೀವಮಾನದಲ್ಲಿ ಚಕ್ರದ ಶೂ ಹಾಕಿದವರಲ್ಲ. ಅಲ್ಲಿಯವರೆಗೆ ಬದಿಯಲ್ಲಿ ನಿಂತು "ಹಿಡಿ, ಹಿಡಿ!" ಎನ್ನುವುದೇ ಅವರ ಕೋಚಿಂಗ್. ಅದಕ್ಕೆ ನಾವು ಹಿಂದಿನಿಂದ ನಗುತ್ತಿದ್ದೆವು. ಆ ನೆಲದಲ್ಲಿ ನಾವು ನಿಲ್ಲಲಾಗದೆ ಚೆಲ್ಲಾಪಿಲ್ಲಿಯಾಗುವುದನ್ನು ಸ್ವಲ್ಪ ಹೊತ್ತು ನೋಡಿ, ಅವರು ಕೋಲುಗಳನ್ನೆಲ್ಲ ಬದಿಗಿಡಿಸಿದರು.

"ಕೈ ಹಿಡ್ಕೊಳ್ಳಿ. ಕಬಡ್ಡಿಯಲ್ಲಿ ಚೈನ್ ಹಾಕ್ತೇವಲ್ಲ, ಹಾಗೆ."

ಒಬ್ಬಳಿಗೆ ನಿಲ್ಲಲಾಗದ ನೆಲದಲ್ಲಿ ಕೈ ಹಿಡಿದರೆ ಇಬ್ಬರು ನಿಲ್ಲಬಹುದು. ನಾಲ್ವರು ಹಿಡಿದರೆ ತಿರುಗಲೂ ಬಹುದು. ಕಬಡ್ಡಿಯಲ್ಲಿ ರೇಡ್ ಮಾಡಲು ಬಂದವನನ್ನು ಒಬ್ಬನೇ ಹೋಗಿ ಹಿಡಿಯುವುದಿಲ್ಲ, ಕೊಂಡಿಯ ಹಾಗೆ ಸುತ್ತಿಕೊಂಡು ಮೂಲೆಗೆ ದಬ್ಬುತ್ತಾರೆ. ಸರ್ ನಮಗೆ ಅದನ್ನೇ ಕಲಿಸಿದರು. ವಾರವಿಡೀ ಕೈ ಹಿಡಿದು ಓಡಿದೆವು. ಆಮೇಲೆ ಕೈಗೆ ಕೋಲು ಕೊಟ್ಟು, "ಈಗ ಕೈ ಬಿಡಿ, ಚೈನ್ ಬಿಡಬೇಡಿ" ಎಂದರು. ಪಕ್ಕದವಳು ಎಲ್ಲಿದ್ದಾಳೆಂದು ನೋಡದೆಯೇ ತಿಳಿಯುವ ಅಭ್ಯಾಸ ಆ ನೆಲದಲ್ಲಿ ಬಂತು. ಬಾರದಿದ್ದರೆ ಮೂಳೆ ಮುರಿಯುತ್ತಿತ್ತು. ಸರ್‌ಗೆ ನಾವು ನಕ್ಕದ್ದು ಗೊತ್ತಿತ್ತು. ಗೊತ್ತಿದ್ದೂ ಕಲಿಸಿದರು.

ಸಫಿಯಾಳಿಗೆ ಇನ್ನೊಬ್ಬ ಗುರು ಇದ್ದ. ಅವಳ ಅಣ್ಣನಿಗೆ ಗಲ್ಫಿನ ಮಾಲ್ ಒಂದರ ಐಸ್ ಕಣದಲ್ಲಿ ಕೆಲಸ. ಹೊರಗೆ ಸುಡುವ ಮರಳು, ಒಳಗೆ ಜಾಕೆಟ್ ಹಾಕಿ ಮಂಜುಗಡ್ಡೆ ನಯ ಮಾಡುವ ಗಾಡಿ ಓಡಿಸುವುದು. ಅಲ್ಲಿ ಐಸ್ ಹಾಕಿ ಆಡುವವರು ಬಿಟ್ಟುಹೋದ ಹಳೆಯ ಗೋಲ್‌ಕೀಪರ್ ಪ್ಯಾಡುಗಳನ್ನು ಅವನು ರಜೆಗೆ ಬರುವವರ ಕೈಯಲ್ಲಿ ಕಳಿಸಿದ್ದ. ಅವು ಸಫಿಯಾಳ ಸೊಂಟದವರೆಗೆ ಬರುತ್ತಿದ್ದವು. ಪ್ರತಿ ಶುಕ್ರವಾರ ಅವನ ವಾಯ್ಸ್ ಮೆಸೇಜ್ ಬರುತ್ತಿತ್ತು. ಅವಳು ನಮಗಾಗಿ ಬ್ಯಾರಿ ಭಾಷೆಯಿಂದ ಕನ್ನಡಕ್ಕೆ ತಿರುಗಿಸುತ್ತಿದ್ದಳು. "ಮನೆ ಬಾಗಿಲಲ್ಲಿ ನಿಂತು ಕಾಯಬೇಡ ಅಂತೆ. ಗೇಟಿನವರೆಗೆ ಹೋಗಿ ನಿಲ್ಲಬೇಕಂತೆ. ಬರುವವನಿಗೆ ಮನೆಯೇ ಕಾಣಬಾರದಂತೆ." ಗೋಲ್ ಬಿಟ್ಟು ಮುಂದೆ ಬರುವುದೆಂದರೆ ಗೋಲ್ ಕಾಯುವವರಿಗೆ ಜೀವ ಹೋದ ಹಾಗೆ. ಅವಳು ದಿನಾ ಒಂದೊಂದು ಹೆಜ್ಜೆ ಮುಂದೆ ಬಂದಳು.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಮನೆಯಲ್ಲಿ ಅಮ್ಮ ಕೊಟ್ಟ ಹಾಲೆ ಮರದ ಕಹಿ ಕಷಾಯ ಕುಡಿದು, ಬಾಯಿಗೆ ಬೆಲ್ಲ ಹಾಕಿಕೊಂಡು ಪ್ರಾಕ್ಟೀಸಿಗೆ ಓಡಿದ್ದು ನೆನಪುಂಟು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಕಷಾಯ ಕುಡಿಯುವಷ್ಟು ತುಳುವರು ನಾವು ಹೌದು. ಆ ತಿಂಗಳು ಯಾವಾಗ ಮುಗಿಯುತ್ತದೆಂದು ತಿಳಿಯುವಷ್ಟು ಅಲ್ಲ.

ಎರಡನೇ ಮ್ಯಾಚಿಗೆ ಗುಡ್ಡೆಯವರು ನಮ್ಮ ಹಾಲಿಗೆ ಬಂದರು. ಅವರ ಕೋಚ್ ಬಾಗಿಲಲ್ಲೇ ನಿಂತು ವೇದಿಕೆ, ಫ್ಯಾನ್, ಗೋಡೆಯ ಮೇಲಿನ 'ಸುಸ್ವಾಗತ' ಎಲ್ಲ ನೋಡಿದರು. ರೆಫರಿ ಟೇಪ್ ಹಿಡಿದು ಅಳೆದು, ಅಳತೆ ಸರಿ ಉಂಟು ಎಂದರು. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು. ಅನ್ವಿತಾ ಮೊದಲ ಓಟಕ್ಕೇ ನಿಲ್ಲಲಾಗದೆ ಹಲಗೆ, ಕುರ್ಚಿ ಎಲ್ಲ ದಾಟಿ ಹೋದಳು. ನಾವು ಎರಡಕ್ಕೆ ಒಂದರಿಂದ ಗೆದ್ದೆವು. ಶೀನಣ್ಣ ಮ್ಯಾಚ್ ಇಡೀ ನೆಲದ ಮೇಲಿನ ಕಪ್ಪು ಗೆರೆಗಳನ್ನೇ ನೋಡುತ್ತಿದ್ದರು. ಗೋಲ್ ಬಿದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲವೆಂದು ಕಾಣುತ್ತದೆ.

"ಗೆದ್ದದ್ದು ನೀವಲ್ಲ," ಎಂದರು ಅವರ ಕೋಚ್, ಹೋಗುವಾಗ. "ಈ ಸೋಪಿನ ನೆಲ."

ಆ ಮಾತು ನನಗೆ ಅವತ್ತು ತಾಗಲಿಲ್ಲ. ಗೆದ್ದ ಅಮಲಿನಲ್ಲಿದ್ದೆ. ಸಫಿಯಾಳಿಗೆ ತಾಗಿತು. ಟಾಸ್ ಸಹ ನಾವೇ ಗೆದ್ದು, ಮೂರನೆಯದೂ ಹಾಲಿನಲ್ಲೇ ಎಂದಾಗ ನಾವೆಲ್ಲ ಕುಣಿದೆವು, ಅವಳು ಪ್ಯಾಡ್ ಕಟ್ಟುವ ಬೆಲ್ಟ್ ಉಜ್ಜುತ್ತ ಕೂತಿದ್ದಳು. ದಿನ ಆರಿಸುವ ಹಕ್ಕೂ ನಮ್ಮದೇ. ಸ್ವಾತಂತ್ರ್ಯ ದಿನ ಕಳೆದು ಬರುವ ಮುಂದಿನ ವಾರದ ಶನಿವಾರ ಎಂದೆವು. ಆಟಿ ಅಂದರೆ ಜುಲೈ-ಆಗಸ್ಟ್ ಎಂದು ಹುಟ್ಟಿದಾಗಿನಿಂದ ಕೇಳಿದವರು ನಾವು. ಫೋನಿನಲ್ಲಿ ಆಗಸ್ಟ್ ಇನ್ನೂ ಬೇಕಾದಷ್ಟು ಉಳಿದಿತ್ತು. ಮ್ಯಾಚಿನ ವಾರವಿಡೀ ಕಾಲೇಜಿನಲ್ಲಿ ಪರೀಕ್ಷೆ, ಹಾಲಿನ ಕಡೆ ಹೋಗಲಿಕ್ಕಾಗಲಿಲ್ಲ.

ಆ ಶನಿವಾರ ಬೆಳಿಗ್ಗೆ ಹಾಲಿನ ಎದುರು ಹೂವಿನ ಟೆಂಪೋ ನಿಂತಿತ್ತು. ಒಳಗೆ ಹೋದರೆ ವೇದಿಕೆಯ ಮೇಲೆ ಅರ್ಧ ಕಟ್ಟಿದ ಮಂಟಪ. ಹಿಂದೆ ಅಡಿಗೆಯವರು ತೆಂಗಿನಕಾಯಿ ಒಡೆಯುವ ಸದ್ದು. ನಮ್ಮ ಹಲಗೆಗಳೆಲ್ಲ ಮತ್ತೆ ಊಟದ ಟೇಬಲ್ಲುಗಳಾಗಿ ಸಾಲಾಗಿ ನಿಂತಿದ್ದವು. ಶೀನಣ್ಣ ನಮ್ಮನ್ನು ನೋಡಿ, ನಮಗಿಂತ ಹೆಚ್ಚು ಗಾಬರಿಯಾದರು.

"ಆಟಿ ಮುಗಿಯುವವರೆಗೆ ಅಂತ ಹೇಳಿರಲಿಲ್ವಾ? ಸಂಕ್ರಮಣ ಕಳೆದು ಸೋಣ ಹಿಡಿದು ಎಷ್ಟು ದಿನ ಆಯ್ತು. ನಾಳೆ ಮದುವೆ ಇಲ್ಲಿ."

ನಾನು ಪಿ.ಡಿ. ಸರ್ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. "ನಾನು ಬ್ಯಾರ್ದಿ. ನನಗೆ ಗೊತ್ತಿಲ್ಲ, ಆಯ್ತು," ಎಂದಳು ಸಫಿಯಾ. "ನೀವು ಇಷ್ಟು ಜನ ತುಳುವರು ಇದ್ದೀರಲ್ಲ, ಒಬ್ಬರಿಗಾದರೂ ಗೊತ್ತಿರಬಾರದಿತ್ತಾ?" ಅಷ್ಟರಲ್ಲಿ ರೆಫರಿ ಬಂದರು, ಗುಡ್ಡೆಯವರ ಬಸ್ಸೂ ಬಂತು.

ಅವರ ಕೋಚ್ ಒಳಗೆ ಬಂದು, ಮಂಟಪ ನೋಡಿ, ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ನಾನು ಮೊದಲೇ ಹೇಳಿದ್ದೆ, ನೆಲ ಇಲ್ಲದವರು ಅಂತ. ವಾಕ್‌ಓವರ್ ಬರೆಯಿರಿ," ಎಂದರು ರೆಫರಿಗೆ.

ಅಲ್ಲಿ ಒಂದು ಕುರ್ಚಿಯಲ್ಲಿ ಮದುಮಗಳ ಅಜ್ಜಿ ಕೂತು ಹೂ ಕಟ್ಟುವವರಿಗೆ ಹುಕುಂ ಕೊಡುತ್ತಿದ್ದರು. ಅವರು ಜಗಳವನ್ನೆಲ್ಲ ಕೇಳಿಸಿಕೊಂಡು ಕೋಲು ಊರಿ ಎದ್ದರು. "ಎಷ್ಟು ಹೊತ್ತಿನ ಆಟ ನಿಮ್ಮದು?" ಎಂದು ಕೇಳಿದರು. ಒಂದು ಗಂಟೆ ಎಂದು ಸರ್ ಹೇಳಿದ್ದಕ್ಕೆ, "ಗೊಬ್ಬುಲೆ ಜೋಕುಲೆ," ಎಂದರು, ಆಡಿ ಮಕ್ಕಳೇ ಎಂದು. "ಮದುವೆ ನಾಳೆ ಅಲ್ವಾ. ಹೂ ಎಂತ ಓಡಿ ಹೋಗ್ತದಾ? ಟೇಬಲ್ ಬದಿಗೆ ಹಾಕಿಸ್ತೇನೆ."

ಪಿ.ಡಿ. ಸರ್ ಆ ಅಜ್ಜಿಯ ಕಾಲಿಗೆ ಬೀಳುವುದೊಂದು ಬಾಕಿ. ಆದರೆ ಕೋಚ್ ಬಿಡಲಿಲ್ಲ. "ಆಡಿ ಬೇಕಾದರೆ. ಗೆದ್ದರೂ ನಾನು ಕಂಪ್ಲೇಂಟ್ ಕೊಡ್ತೇನೆ. ಮಂಟಪದ ಕೆಳಗೆ ಗೋಲ್ ಇಟ್ಟು ಆಡಿದರು ಅಂತ ಬರೀತೇನೆ. ಈ ನೆಲದಲ್ಲಿ ಯಾರು ಬೇಕಾದರೂ ಗೆಲ್ಲಬಹುದು."

"ಹಾಗಾದರೆ ನಿಮ್ಮ ನೆಲದಲ್ಲಿ ಆಡುವ."

ಹೇಳಿದ್ದು ಸಫಿಯಾ. ಹಾಲ್ ಇಡೀ ಅವಳ ಕಡೆ ತಿರುಗಿತು.

"ಇವತ್ತೇ, ಈಗಲೇ," ಎಂದಳು. "ರೆಫರಿ ಸಹ ಇದ್ದಾರೆ. ಗುಡ್ಡೆಗೇ ಹೋಗುವ."

"ಸಫಿಯಾ, ಮರ್ಲಾ ನಿನಗೆ?" ಸರ್ ಅವಳ ರಟ್ಟೆ ಹಿಡಿದು ಬದಿಗೆ ಎಳೆದರು. "ಅಜ್ಜಿ ಬಿಟ್ಟುಕೊಡ್ತಾರೆ ಅಂತ ಹೇಳಿದ್ರಲ್ಲ. ಟಾಸ್ ನಮ್ಮದು. ಅಲ್ಲಿ ಆರು ಗೋಲ್ ಬಿದ್ದದ್ದು ಮರೆತೆಯಾ?"

"ಆರೂ ತಿಂದದ್ದು ನಾನು ಸರ್. ನಾನು ಹೇಗೆ ಮರೀತೇನೆ?" ಅವಳು ರಟ್ಟೆ ಬಿಡಿಸಿಕೊಂಡಳು. "ಇಲ್ಲಿ ಗೆದ್ದರೆ ಜೀವಮಾನ ಇಡೀ ಸೋಪಿನ ನೆಲ ಅಂತ ಹೇಳ್ತಾರೆ. ನನಗೆ ಆ ಮಾತು ಕೇಳ್ಲಿಕ್ಕೆ ಸಾಧ್ಯ ಇಲ್ಲ."

ನಿಜ ಹೇಳುತ್ತೇನೆ, ಆಗ ನನಗೆ ಅವಳ ತಲೆಗೆ ಕೋಲಿನಿಂದ ಒಂದು ಕೊಡಬೇಕೆನಿಸಿತು. ಕೈಗೆ ಬಂದ ಮ್ಯಾಚನ್ನು ಯಾರಾದರೂ ಬಿಟ್ಟುಕೊಡುತ್ತಾರಾ? ಸೋತರೆ ಟೀಮೇ ಇಲ್ಲ. ನಮ್ಮ ಶೂಗಳನ್ನು ಶಾಲೆಯ ಮಕ್ಕಳು ಹಾಕಿಕೊಂಡು ಓಡಾಡುವುದು ಕಣ್ಣ ಮುಂದೆ ಬಂತು. ಆದರೆ ಕೋಚಿನ ಮುಖ ಕಂಡಿತು. ನೀನು ತುಂಬ ಬೀಳ್ತೀ ಎಂದ ದಿನ ಇದ್ದ ಅದೇ ಮುಖ, ಆಗಲೇ ತೀರ್ಮಾನ ಮುಗಿಸಿಬಿಟ್ಟವರ ಮುಖ. ಜೆನಿಟಾ ತನ್ನ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು. ನಾನೂ ಹಾಕಿಕೊಂಡೆ.

"ನಮ್ಮ ಬಸ್ಸಿನಲ್ಲಿ ಜಾಗ ಇಲ್ಲ," ಎಂದರು ಕೋಚ್.

"ನಮ್ಮ ಟೆಂಪೋ ಉಂಟಲ್ಲ," ಎಂದರು ಅಜ್ಜಿ. ಹೂವಿನವನ ಕಡೆ ತಿರುಗಿ, "ಇವರನ್ನು ಬಿಟ್ಟು ಬಾ. ಬರುವಾಗ ಕರ್ಕೊಂಡೂ ಬಾ," ಎಂದರು.

"ಗೆರೆ?" ಎಂದರು ಶೀನಣ್ಣ ಹಿಂದಿನಿಂದ. "ಒಂದು ತಿಂಗಳ ಗೆರೆ ಉಂಟು ನೆಲದಲ್ಲಿ. ನಾಳೆ ಮದುವೆ."

"ಬಂದು ಉಜ್ಜುತ್ತೇವೆ ಶೀನಣ್ಣ, ಗೆದ್ದರೂ ಸೋತರೂ," ಎಂದೆ ನಾನು.

ಮಂಗಳೂರಿನ ಮಳೆಯಲ್ಲಿ ಚೆಂಡುಹೂವಿನ ರಾಶಿಯ ನಡುವೆ ಕೂತು ನಾವು ಗುಡ್ಡ ಹತ್ತಿದೆವು. ಟಾರ್ಪಾಲಿನ ತೂತಿನಿಂದ ನೀರು ಸೋರುತ್ತಿತ್ತು. ಸಫಿಯಾ ಅಣ್ಣನಿಗೆ ಮೆಸೇಜ್ ಹಾಕಿದಳು. ಅವನು ಗಾಡಿಯ ಮೇಲಿದ್ದನೋ ಏನೋ, ಉತ್ತರ ಬರಲಿಲ್ಲ. ಅವಳು ನನ್ನ ಕಡೆ ನೋಡದೆಯೇ, "ದೀಕ್ಷಾ, ಸೋತರೆ ನನ್ನ ಹತ್ತಿರ ಮಾತಾಡ್ತೀಯಲ್ಲ?" ಎಂದು ಕೇಳಿದಳು. "ಇಲ್ಲ," ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ.

ಗುಡ್ಡದ ಮೇಲೆ ನಾವು ಇಳಿದಾಗ ಮೈಯೆಲ್ಲ ಹೂವಿನ ಎಸಳು. ಅವರ ಹುಡುಗಿಯರು ಗ್ಯಾಲರಿಯಿಂದ, "ಮದುಮಗಳು ಯಾರು?" ಎಂದು ಕೂಗಿದರು. ಜೆನಿಟಾ ನಿಂತು, "ದಿಬ್ಬಣ ನಮ್ಮದು, ಊಟ ನಿಮ್ಮಲ್ಲಿ," ಎಂದಳು. ನೀಲಿ ತಗಡಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ಸೀಟಿಯೂ ಸರಿಯಾಗಿ ಕೇಳುತ್ತಿರಲಿಲ್ಲ.

ಶೂ ಕಟ್ಟಿ ಕಣಕ್ಕೆ ಇಳಿದು ನಾನು ಒಮ್ಮೆ ಬ್ರೇಕ್ ಹಾಕಿ ನೋಡಿದೆ. ನಿಂತೆ. ಹಾಗೇ, ಹಾಕಿದಲ್ಲೇ ನಿಂತೆ. ಮತ್ತೊಮ್ಮೆ ಓಡಿ ತಿರುಗಿದೆ. ತಿರುಗಿತು. ಮೊದಲ ಮ್ಯಾಚಿನಲ್ಲಿ ಈ ನೆಲ ಇಷ್ಟು ಒಳ್ಳೆಯದೆಂದು ನನಗೆ ಗೊತ್ತಾಗಿರಲಿಲ್ಲ. ಕನ್ನಡಿಯ ಮೇಲೆ ಒಂದು ತಿಂಗಳು ಜೀವ ಕೈಯಲ್ಲಿ ಹಿಡಿದು ಓಡಿದವರಿಗೆ ಅದು ಹಬ್ಬವಾಗಿತ್ತು. ಜೆನಿಟಾ ನನ್ನ ಪಕ್ಕದಲ್ಲಿ ಸುಮ್ಮಸುಮ್ಮನೆ ನಿಲ್ಲುವುದು, ಓಡುವುದು, ನಿಲ್ಲುವುದು ಮಾಡುತ್ತಿದ್ದಳು.

ಆದರೂ ಮೊದಲ ಗೋಲ್ ಅವರದ್ದೇ. ನಾವು ಹಬ್ಬದಲ್ಲಿದ್ದಾಗ ಅನ್ವಿತಾ ನಮ್ಮೆಲ್ಲರ ನಡುವಿನಿಂದ ಹೋಗಿ ಹೊಡೆದುಬಿಟ್ಟಳು. ಗ್ಯಾಲರಿ ಎದ್ದು ನಿಂತಿತು. ಪಿ.ಡಿ. ಸರ್ ಬದಿಯಿಂದ ಗಂಟಲು ಹರಿಯುವ ಹಾಗೆ ಕೂಗಿದರು: "ಚೈನ್! ಚೈನ್ ಬಿಟ್ರಿ ನೀವು!"

ಮುಂದಿನ ಸಲ ಅವಳು ಬಂದಾಗ ನಾವು ಯಾರೂ ಅವಳ ಮೇಲೆ ಹೋಗಲಿಲ್ಲ. ನಾಲ್ವರೂ ಕಾಣದ ಕೈ ಹಿಡಿದವರ ಹಾಗೆ ಸುತ್ತಿಕೊಂಡು, ಮೆಲ್ಲ ಮೆಲ್ಲ ಬದಿಗೆ ದಬ್ಬಿದೆವು. ಅವಳಿಗೆ ಒಬ್ಬಳನ್ನು ದಾಟುವುದು ಗೊತ್ತಿತ್ತು, ಇಬ್ಬರನ್ನು ದಾಟುವುದೂ ಗೊತ್ತಿತ್ತು. ಮೂಲೆಯಲ್ಲಿ ಬಿಲ್ಲೆ ಅವಳ ಕೋಲಿನಿಂದ ಜಾರಿ ನನಗೆ ಸಿಕ್ಕಿತು. ನೇರ ಓಡಿದೆ. ಹೇಗೆ ಹೊಡೆದೆನೋ, ಎಲ್ಲಿಂದ ಹೊಡೆದೆನೋ, ಈಗ ಎಷ್ಟು ನೆನೆದರೂ ಬರುವುದಿಲ್ಲ. ಬಲೆ ಅಲ್ಲಾಡಿದ್ದು ಮಾತ್ರ ನೆನಪುಂಟು, ಆಮೇಲೆ ಮಳೆಯ ಸದ್ದು ಒಮ್ಮೆಲೇ ಕೇಳಿದ್ದು. ಗ್ಯಾಲರಿ ಸುಮ್ಮನಾಗಿತ್ತು.

ಒಂದು-ಒಂದರಲ್ಲಿ ಕೊನೆಯ ನಿಮಿಷಗಳಿಗೆ ಬಂದೆವು. ನಾನು ದಣಿದು ಒಂದು ಗಳಿಗೆ ತಡ ಮಾಡಿದೆ, ಕೊಂಡಿ ಅಲ್ಲೇ ಬಿಚ್ಚಿತು. ಅನ್ವಿತಾ ಆ ಸಂದಿನಿಂದ ಹೊರಟಳು. ಮುಂದೆ ಯಾರೂ ಇಲ್ಲ, ಸಫಿಯಾ ಒಬ್ಬಳೇ. ನಾನು ಹಿಂದಿನಿಂದ ಓಡುತ್ತ ನೋಡುತ್ತಿದ್ದೇನೆ, ಸಫಿಯಾ ಗೋಲ್ ಬಿಟ್ಟು ಹೊರಟಳು. ಒಂದು ಹೆಜ್ಜೆ ಅಲ್ಲ, ಎರಡಲ್ಲ. ಆ ದೊಡ್ಡ ಪ್ಯಾಡುಗಳನ್ನು ಎಳೆದುಕೊಂಡು ಗೇಟಿನವರೆಗೆ ಅಲ್ಲ, ರಸ್ತೆಯವರೆಗೇ ಹೋದಳು. ಅನ್ವಿತಾ ತಲೆ ಎತ್ತಿ ನೋಡಿದಾಗ ಅವಳಿಗೆ ಗೋಲ್ ಕಾಣಲಿಲ್ಲ, ಸಫಿಯಾ ಕಂಡಳು. ಹೊಡೆದ ಬಿಲ್ಲೆ ಸಫಿಯಾಳ ಎದೆಗೆ ಬಡಿದು ಕೆಳಗೆ ಬಿತ್ತು. ಅವಳು ಅದನ್ನು ಕೋಲಿನಿಂದ ನನ್ನ ಕಡೆ ತಳ್ಳಿ, "ಹೋಗು!" ಎಂದು ಕಿರುಚಿದಳು. ನಾನು ನೋಡದೆಯೇ ಎಡಕ್ಕೆ ಕೊಟ್ಟೆ. ಜೆನಿಟಾ ಅಲ್ಲಿರುತ್ತಾಳೆಂದು ನನಗೆ ಗೊತ್ತಿತ್ತು. ಇದ್ದಳು. ಹೊಡೆದಳು. ಎರಡು-ಒಂದು.

ಉಳಿದ ಹೊತ್ತು ನಾವು ಗೋಲಿನ ಮುಂದೆ ಚೈನ್ ಕಟ್ಟಿ ನಿಂತೆವು. ಅವರು ಬಂದರು, ಹೋದರು, ಮತ್ತೆ ಬಂದರು. ಸೀಟಿ ಮಳೆಯಲ್ಲಿ ಕೇಳಿಸದೆ, ರೆಫರಿ ಎರಡೂ ಕೈ ಎತ್ತಿದಾಗಲೇ ಮುಗಿದದ್ದು ಗೊತ್ತಾಯಿತು.

ಅವರ ಕೋಚ್ ಕಣದೊಳಗೆ ಬಂದರು. ಎರಡು ಹೆಜ್ಜೆ ನಡೆದು, ನಿಂತು, ನೆಲವನ್ನು ನೋಡಿದರು. ಅಲ್ಲಿ ನೀರಿರಲಿಲ್ಲ, ಎಣ್ಣೆ ಇರಲಿಲ್ಲ, ಸೋಪೂ ಇರಲಿಲ್ಲ. ಅದು ಅವರದ್ದೇ ನೆಲ. ಅನ್ವಿತಾ ಬಂದು ಸಫಿಯಾಳ ಕೈ ಕುಲುಕಿದಳು, ನಮ್ಮೆಲ್ಲರ ಕೈಯನ್ನೂ ಕುಲುಕಿದಳು. ಕೋಚ್ ಬರಲಿಲ್ಲ. ಬರಬೇಕೆಂದು ನಮಗೂ ಇರಲಿಲ್ಲ. ಪಿ.ಡಿ. ಸರ್ ಗೋಡೆಯ ಕಡೆ ತಿರುಗಿ ಅಳುತ್ತಿದ್ದರು, ನೋಡಿದರೆ ನೆಗಡಿ ಎನ್ನುತ್ತಿದ್ದರು.

ಅದೇ ಟೆಂಪೋದಲ್ಲಿ ಹಾಲಿಗೆ ಬಂದೆವು. ಸಫಿಯಾ ಅಪ್ಪನ ಅಂಗಡಿಯ ಹತ್ತಿರ ಇಳಿದು, ದೋಣಿಗೆ ಹಾಕುವ ಸೀಮೆಎಣ್ಣೆಯ ಕ್ಯಾನ್ ತಂದಳು. ತೆಂಗಿನ ಸಿಪ್ಪೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಮೊಣಕಾಲೂರಿ ಉಜ್ಜಿದೆವು. ಆಡಿದ್ದಕ್ಕಿಂತ ಉಜ್ಜಿದ್ದಕ್ಕೇ ಮೈ ಹೆಚ್ಚು ನೋಯಿತು. ಮಂಟಪ ಕಟ್ಟುವವರು ನಮ್ಮನ್ನು ದಾಟಿ ದಾಟಿ ಓಡಾಡುತ್ತಿದ್ದರು. ಅಜ್ಜಿ ಒಳಗಿನಿಂದ ನೀರುದೋಸೆ, ಕೋಳಿ ಸುಕ್ಕ ತರಿಸಿ ಟೇಬಲ್ಲಿನ ಮೇಲೆ ಇಡಿಸಿದರು. "ಗೆದ್ದದ್ದಾ?" ಎಂದು ಕೇಳಿದರು. ಹೌದು ಎಂದೆವು. "ಹಾಗಾದರೆ ಇನ್ನೊಂದ್ಸಲ ಬಡಿಸಿ ಇವರಿಗೆ," ಎಂದರು. ಶೀನಣ್ಣ ಬಗ್ಗಿ ಬಗ್ಗಿ ಮೂಲೆ ಮೂಲೆ ನೋಡಿ, ಕೊನೆಗೆ ಮೊಸಾಯಿಕ್ಕಿನ ಒಂದು ಹೊಳೆಯುವ ತುಂಡಿನಲ್ಲಿ ತನ್ನ ಮುಖ ಕಂಡಿತೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿಕೊಂಡು ನೋಡಿದರು. "ಮುಂದಿನ ಆಟಿಗೆ ಬನ್ನಿ," ಎಂದರು.

ರಾಜ್ಯ ಮಟ್ಟದಲ್ಲಿ ನಾವು ಮೊದಲ ಮ್ಯಾಚಿಗೇ ಸೋತು ಬಂದೆವು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಟೀಮ್ ಉಳಿಯಿತು. ಡಿಗ್ರಿ ಮುಗಿಸಿ ನಾನು ಬ್ಯಾಂಕ್ ಸೇರಿದೆ. ಜೆನಿಟಾ ನರ್ಸ್ ಆದಳು. ಸಫಿಯಾ ಅಪ್ಪನ ಅಂಗಡಿಯಲ್ಲಿ ಕೂತು ಈಗ ಬಂದರಿನ ಗಂಡಸರಿಗೆ ಹಗ್ಗದ ರೇಟಿನಲ್ಲಿ ಬುದ್ಧಿ ಕಲಿಸುತ್ತಿದ್ದಾಳೆ. ಪಿ.ಡಿ. ಸರ್ ನಿವೃತ್ತರಾದ ಮೇಲೆ ಟೀಮಿನ ಸುದ್ದಿ ನನ್ನ ಕಿವಿಗೆ ಬೀಳುವುದು ಕಡಿಮೆಯಾಯಿತು. ಮುಚ್ಚಿರಬಹುದು ಎಂದು ಕೆಲವೊಮ್ಮೆ ಅನಿಸುತ್ತಿತ್ತು, ಕೇಳಲು ಧೈರ್ಯವಾಗುತ್ತಿರಲಿಲ್ಲ.

ಅದಕ್ಕೇ ಮೊನ್ನೆ ಆ ವಾಸನೆಗೆ ನಡುದಾರಿಯಲ್ಲಿ ನಿಂತದ್ದು. ಸೋಣ ಹಿಡಿದ ಮೊದಲ ವಾರ, ಮದುವೆ ಹಾಲಿನ ನೆಲಕ್ಕೆ ಸೀಮೆಎಣ್ಣೆ ಯಾರು ಹಾಕುತ್ತಾರೆ?

ಶೀನಣ್ಣನ ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನ ಗುರ್ತ ಅವರಿಗೆ ಸಿಗಲಿಲ್ಲ. ಸೀಮೆಎಣ್ಣೆಯ ಬಗ್ಗೆ ದೂರು ಹೇಳಿದ ಹೆಂಗಸಿಗೆ ಅವರು, "ಎಂತ ಮಾಡುವುದು, ಫಳ್ನೀರಿನ ಕಾಲೇಜಿನ ಮಕ್ಕಳು. ಆಟಿ ಬಂದರೆ ಬಿಡುವುದಿಲ್ಲ. ನಾನಂತೂ ಹೇಳಿದ್ದೇನೆ, ಒಂದು ಗೆರೆ ಉಳಿದರೆ ಮುಂದಿನ ವರ್ಷ ಇಲ್ಲ ಅಂತ," ಎನ್ನುತ್ತಿದ್ದರು. ಹೇಳುತ್ತ ಹೇಳುತ್ತ ಸಾಲು ಸಾಲಾಗಿ ನೆಲವನ್ನು ನೋಡಿಕೊಂಡು ನಮ್ಮ ಕಡೆಗೇ ಬರುತ್ತಿದ್ದರು.

ನಾನು ನನ್ನ ಕಾಲಬುಡ ನೋಡಿದೆ. ಕಂಬದ ಪಕ್ಕದಲ್ಲಿ, ಉಜ್ಜುವವರ ಕಣ್ಣಿಗೆ ತಪ್ಪಿದ ಜಾಗದಲ್ಲಿ, ಒಂದು ಕಪ್ಪು ಗೆರೆ. ಹೊಸದು. ಯಾವಳೋ ಜೋರಾಗಿ ಬಂದು, ನಿಲ್ಲಲಾಗದೆ, ನಿಂತ ಗೆರೆ. ಶೀನಣ್ಣ ಮುಂದಿನ ಸಾಲಿಗೆ ಬಂದಿದ್ದರು.

ಕುರ್ಚಿ ಎಳೆದು ಅದರ ಮೇಲೆ ಹಾಕಿ, ಸೀರೆ ಹರಡಿಕೊಂಡು ಕೂತೆ. ಧಾರೆ ಆಯಿತು. ಅತ್ತೆ ಬಂದು ಊಟಕ್ಕೆ ಕರೆದರು, ಫೋಟೋಕ್ಕೆ ಕರೆದರು. ಕಾಲು ನೋವು ಎಂದೆ. ಶೀನಣ್ಣ ಹಾಲ್ ಇಡೀ ಒಂದು ಸುತ್ತು ಬಂದು ಹೊರಗೆ ಹೋಗುವವರೆಗೆ ನಾನು ಏಳಲಿಲ್ಲ.